ವೀರಗಾಥೆಯನ್ನು ಬಾಯಿಗೆ ಮರಳಿಸಿದ ವಿದ್ಯಾವತಿಯವರು

ಪ್ರಾಚೀನ ಗ್ರೀಕರ ವೀರಕಾವ್ಯಗಳನ್ನು ಓದಿ ಪಂಡಿತರಾದವರು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ. ಅವುಗಳನ್ನು ಹಾಡಿ, ಹಾಡಿಸಿ ವಿದ್ವಾಂಸರೆನಿಸಿಕೊಂಡವರು ತೀರ ವಿರಳ. ಆ ವಿರಳರ ಸಾಲಿನಲ್ಲಿ ಧಾರವಾಡದಲ್ಲಿ ಹುಟ್ಟಿ ಆಸ್ಟಿನ್ನಿನಲ್ಲಿ ನೆಲೆನಿಂತ ಪ್ರಾಧ್ಯಾಪಕಿ ವಿದ್ಯಾವತಿಯವರಿಗೆ ಮೊದಲ ಸ್ಥಾನ ಸಲ್ಲಬೇಕೆಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಅಭಿನಂದನ ಗ್ರಂಥಕ್ಕೆ ಬರೆಯುವವರು ಉಬ್ಬಿಸಿ ಬರೆಯುತ್ತಾರೆಂದು ಮೂಗು ಮುರಿಯುವವರು ಅವರ ತರಗತಿಯಲ್ಲಿ ಒಂದು ಶನಿವಾರ ಕುಳಿತು ಬಂದು, ಆಮೇಲೆ ನನ್ನೊಡನೆ ವಾದಕ್ಕಿಳಿಯಲಿ.

ಧಾರವಾಡದಲ್ಲಿ ಸಂಸ್ಕೃತ ಎಂ.ಎ. ಮುಗಿಸಿದ ಮೇಡಂ ಗ್ರೀಕ್ ಕಲಿಯಲೆಂದೇ ಟೆಕ್ಸಸ್ಸಿಗೆ ಬಂದರು. ಹ್ಯೂಸ್ಟನ್ನಿನ ಕಾಲೇಜೊಂದರಲ್ಲಿ ಕೆಲವು ವರ್ಷ ಗ್ರೀಕ್ ವ್ಯಾಕರಣ ಕಲಿಸಿ, ಆನಂತರ ಆಸ್ಟಿನ್ನಿನ ವಿಶ್ವವಿದ್ಯಾಲಯವೊಂದಕ್ಕೆ ಬಂದು, ವಿದ್ಯಾರ್ಥಿಗಳ ಜೊತೆಗೆ ಊರಿನವರೂ ಸೇರಬಹುದಾದ ಶನಿವಾರದ ತರಗತಿಯನ್ನು ಆರಂಭಿಸಿದರು. ನಾನು ಹಾಗೆ ಸೇರಿಕೊಂಡವಳು. ಮೈಸೂರಿನವಳು, ಆಸ್ಟಿನ್ ಪಕ್ಕದ ಊರಾದ ಟೇಲರ್‌ನ ಚಿಪ್ ಕಾರ್ಖಾನೆಯಲ್ಲಿ ಇಂಜಿನಿಯರ್. ಗ್ರೀಕಿಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಒಂದು ಚಳಿಗಾಲ ನನ್ನ ಶಿಫ್ಟ್ ಬದಲಾಗಿ ತರಗತಿ ತಪ್ಪತೊಡಗಿದಾಗ, ಮೇಡಂ ತಾವೇ ಟೇಲರ್‌ಗೆ ಡ್ರೈವ್ ಮಾಡಿಕೊಂಡು ಬಂದು, ಕಾರ್ಖಾನೆಯ ಎದುರಿನ ಕಾಫಿ ಅಂಗಡಿಯಲ್ಲಿ ಕುಳಿತು ನನಗೊಬ್ಬಳಿಗೇ ಪಾಠ ಹೇಳಿದರು. ಋಣ ಎಂಬ ಮಾತನ್ನು ನಾನು ಹಗುರವಾಗಿ ಬಳಸುವವಳಲ್ಲ, ಇದು ಋಣ.

ಅವರು ಕಲಿಸಿದ್ದರ ತಿರುಳನ್ನು ಇಲ್ಲಿ ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗದು. ಗ್ರೀಕರ ಆ ಮಹಾಗಾಥೆಗಳು ಬರವಣಿಗೆಗೆ ಇಳಿಯುವ ಮೊದಲು ಎಷ್ಟೋ ತಲೆಮಾರು ಗಾಯಕರ ಬಾಯಲ್ಲೇ ಇದ್ದವು. ಗಾಯಕ ಅವನ್ನು ಉರುಹೊಡೆಯುತ್ತಿರಲಿಲ್ಲ. ಹಾಡುತ್ತ ಹಾಡುತ್ತಲೇ ಕಟ್ಟುತ್ತಿದ್ದ. ಛಂದಸ್ಸಿಗೆ ಹೊಂದುವ ಸಿದ್ಧ ನುಡಿಗಟ್ಟುಗಳು ಅವನ ನಾಲಗೆಯ ಮೇಲಿರುತ್ತಿದ್ದವು, ಸಿದ್ಧ ಸನ್ನಿವೇಶಗಳು ತಲೆಯಲ್ಲಿರುತ್ತಿದ್ದವು. ವೀರನು ಯುದ್ಧಕ್ಕೆ ಸಜ್ಜಾಗುವ ಪ್ರಸಂಗವನ್ನೇ ನೋಡಿ: ಮೊದಲು ಕಾಲಿನ ರಕ್ಷೆ, ಆಮೇಲೆ ಎದೆಯ ಕವಚ, ಕತ್ತಿ, ಗುರಾಣಿ, ಶಿರಸ್ತ್ರಾಣ, ಕೊನೆಗೆ ಈಟಿ. ಈ ಕ್ರಮ ಸಾಮಾನ್ಯವಾಗಿ ಕದಲದು. ಆದರೆ ಗುರಾಣಿಯನ್ನು ಒಂದು ಸಾಲಿನಲ್ಲಿ ಮುಗಿಸಬೇಕೋ ಮೂವತ್ತು ಸಾಲಿಗೆ ಹಿಗ್ಗಿಸಬೇಕೋ ಎಂಬುದು ಎದುರಿಗೆ ಕುಳಿತವರನ್ನು ನೋಡಿ ಗಾಯಕ ಮಾಡುವ ತೀರ್ಮಾನ. ಇದನ್ನು ಪುಸ್ತಕದಿಂದ ಹೇಳಿ ಮುಗಿಸುವುದು ಮೇಡಂಗೆ ಒಗ್ಗಲಿಲ್ಲ. ಅವರ ತರಗತಿಯಲ್ಲಿ ಲಿಖಿತ ಪರೀಕ್ಷೆಯೇ ಇರಲಿಲ್ಲ. ಪ್ರತಿಯೊಬ್ಬರೂ ಎದ್ದು ನಿಂತು, ಕೈಯಲ್ಲಿ ಕಾಗದವಿಲ್ಲದೆ, ಒಂದು ಪ್ರಸಂಗವನ್ನು ಅಲ್ಲೇ ಕಟ್ಟಿ ಹಾಡಬೇಕಿತ್ತು.

ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಯನ್ನು ಎತ್ತಿದವಳು ವೈಷ್ಣವಿ. ಡಲ್ಲಾಸ್ ಬಳಿಯ ಲಿಟಲ್ ಎಲ್ಮ್‌ನಲ್ಲಿ ಬೆಳೆದ ಹುಡುಗಿ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವಳು. ಮೇಡಂ ಹೇಳಿದ್ದು ಇಷ್ಟೇ:

“ನೀ ಮನಿಯಾಗ ಯಾವ ಭಾಷಾದಾಗ ಜಗಳಾ ಮಾಡ್ತಿ, ಅದರಾಗ ಹಾಡು.”

ವೈಷ್ಣವಿ ಜಗಳವಾಡುತ್ತಿದ್ದದ್ದು ತನ್ನ ಅಜ್ಜಿ ಸುಮಿತ್ರವ್ವನವರೊಡನೆ, ಅದೂ ಅಪ್ಪಟ ವಿಜಯಪುರದ ಕನ್ನಡದಲ್ಲಿ. ಹೀಗಾಗಿ ಗ್ರೀಕ್ ವೀರನೊಬ್ಬ ಆಸ್ಟಿನ್ನಿನ ತರಗತಿಯಲ್ಲಿ ಕನ್ನಡದಲ್ಲಿ ಕವಚ ತೊಡತೊಡಗಿದ.

ಎಂಟು ವರ್ಷಗಳ ಹಿಂದೆ ಈ ತರಗತಿಯ ಉಳಿವಿಗೇ ಸಂಚಕಾರ ಬಂತು. ಲಿಖಿತ ಪರೀಕ್ಷೆಯಿಲ್ಲದೆ ಕಲಿತಿದ್ದಾರೆನ್ನುವುದಕ್ಕೆ ಪುರಾವೆ ಏನು ಎಂದು ಕೇಳಿದ ವಿಭಾಗದವರು, ಪರೀಕ್ಷೆ ನಡೆಸಿ, ಇಲ್ಲವೇ ತರಗತಿ ಮುಚ್ಚಿ ಎಂದರು. ಮೇಡಂ ಎರಡಕ್ಕೂ ಒಪ್ಪಲಿಲ್ಲ. ಒಬ್ಬಳೇ ವಿದ್ಯಾರ್ಥಿನಿ ಒಂದೇ ಪ್ರಸಂಗವನ್ನು ಶನಿವಾರ ಡಲ್ಲಾಸ್‌ನಲ್ಲಿ, ಭಾನುವಾರ ಹ್ಯೂಸ್ಟನ್ ಕಡೆ ಹಾಡುತ್ತಾಳೆ, ಎರಡನ್ನೂ ಕೇಳಿ ತೀರ್ಪು ಕೊಡಿ ಎಂದು ವಿಭಾಗದ ಸಮಿತಿಯನ್ನೇ ಆಹ್ವಾನಿಸಿದರು. ಸಮಿತಿ ಒಪ್ಪಿತು. ಹಾಡಲು ಮೇಡಂ ಆರಿಸಿದ್ದು ವೈಷ್ಣವಿಯನ್ನು. ವೈಷ್ಣವಿ ಎಡವಿದರೆ ತರಗತಿ ಮುಗಿದಂತೆಯೇ.

ಡಲ್ಲಾಸ್‌ನ ಏರ್ಪಾಡು ಅಲ್ಲಿನ ಕನ್ನಡ ಬಳಗದ ಸತ್ಯಪ್ರಕಾಶ ಅವರದು. ಸಾಫ್ಟ್‌ವೇರ್‌ನವರು, ಯಾವ ಕೆಲಸವನ್ನೂ ಅರೆಬರೆ ಮಾಡುವವರಲ್ಲ. ಸಮಿತಿಯವರಿಗೆ ಕನ್ನಡ ಬಾರದೆಂದು ಅವರು ವೈಷ್ಣವಿಯ ಅಭ್ಯಾಸದ ಹಾಡೊಂದರ ರೆಕಾರ್ಡಿಂಗ್ ತರಿಸಿಕೊಂಡು, ಸಾಲುಸಾಲಾಗಿ ಇಂಗ್ಲಿಷಿಗೆ ಅನುವಾದಿಸಿ, ವೇದಿಕೆಯ ಪರದೆಯ ಮೇಲೆ ಬರುವಂತೆ ಮಾಡಿಬಿಟ್ಟಿದ್ದರು. ಎಲ್ಲರನ್ನೂ ಬೆರಗುಗೊಳಿಸಬೇಕೆಂದು ಯಾರಿಗೂ ಹೇಳಿರಲಿಲ್ಲ. ನಾವು ಬೆರಗಾದದ್ದಂತೂ ನಿಜ.

ವೈಷ್ಣವಿ ಆರಂಭಿಸಿದಳು. ಅಭ್ಯಾಸದಲ್ಲಿ ಹಾಡಿದ್ದೇ ಬೇರೆ, ಅಂದು ನಾಲಗೆಗೆ ಬಂದದ್ದೇ ಬೇರೆ. ಅವಳ ವೀರ ಇನ್ನೂ ಕಾಲಿನ ರಕ್ಷೆಯನ್ನು ಬಿಗಿಯುತ್ತಿದ್ದಾಗಲೇ ಪರದೆಯ ಮೇಲಿನವನು ಶಿರಸ್ತ್ರಾಣ ಧರಿಸಿ, ಈಟಿ ಹಿಡಿದು ಹೊರಟೇಬಿಟ್ಟಿದ್ದ. ಸಭೆಯಲ್ಲಿ ಕಿಸಕ್ಕೆಂದು ನಗು. ಹುಡುಗಿ ಮರೆತುಬಿಟ್ಟಳೆಂಬ ಪಿಸುಮಾತು. ಅವಳು ತಿರುಗಿ ಪರದೆಯನ್ನು ನೋಡಿದಳು, ಅದನ್ನು ಹಿಡಿಯಲು ಓಡಿದಳು, ಮುಗ್ಗರಿಸಿದಳು, ನಿಂತುಬಿಟ್ಟಳು.

ಮೇಡಂ ಎದ್ದರು. ಗಡಿಬಿಡಿಯಿಲ್ಲದೆ ಸತ್ಯಪ್ರಕಾಶ ಅವರ ಬಳಿಗೆ ಹೋಗಿ ಪರದೆ ಆರಿಸಿ ಎಂದರು. ಕಮಿಟಿಯವರಿಗೆ ಒಂದು ಮಾತೂ ಅರ್ಥ ಆಗಲ್ಲ ಮೇಡಂ ಎಂದು ಅವರು ಗೋಗರೆದರು. ಮೇಡಂ ದನಿ ಏರಿಸಲಿಲ್ಲ.

“ಅರ್ಥ ಆಗಲಿಲ್ಲಂದ್ರ ಕೇಳ್ತಾರ್ರೀ. ಅದನ್ನ ಓದಿಕೋತ ಕುಂತ್ರ ಅಕೀನ ಯಾರು ಕೇಳಬೇಕು?”

ಪರದೆ ಕಪ್ಪಾಯಿತು. ಆ ನಿಶ್ಶಬ್ದದಲ್ಲಿ ಮೊದಲ ಸಾಲಿನಲ್ಲಿದ್ದ ಸುಮಿತ್ರವ್ವ, ಮನೆಯಲ್ಲಿ ಕಥೆ ಕೇಳುವಾಗ ಮಾಡುವಂತೆ, “ಹೂಂ” ಎಂದರು. ವೈಷ್ಣವಿ ಅಜ್ಜಿಯ ಮುಖವನ್ನು ನೋಡಿ ಮೊದಲಿನಿಂದ ಎತ್ತಿಕೊಂಡಳು. ಅಜ್ಜಿ ಹೂಂಗುಟ್ಟಿದಂತೆಲ್ಲ ಹಾಡು ಬೆಳೆಯಿತು. ಗುರಾಣಿಯ ಮೇಲೆ ಅಂದು ಏನೇನು ಮೂಡಿತೆಂದು ಹೇಳಲಿ! ಹೊಲ, ಎತ್ತು, ಮದುವೆಯ ಮೆರವಣಿಗೆ, ಬಾವಿಕಟ್ಟೆಯ ಜಗಳ ಎಲ್ಲವೂ ಬಂದವು. ಸಭೆಗೆ ಸಭೆಯೇ ಹೂಂಗುಟ್ಟತೊಡಗಿತು.

ಮರುದಿನ ಹ್ಯೂಸ್ಟನ್ ಬಳಿಯ ದ ವುಡ್‌ಲ್ಯಾಂಡ್ಸ್‌ನ ಸಭಾಂಗಣದಲ್ಲಿ ಕಾರ್ಯಕ್ರಮ ತಡವಾಯಿತು. ವೈಷ್ಣವಿಯ ಸರದಿ ಬರುವಾಗ ಊಟದ ಹೊತ್ತು ಮೀರಿತ್ತು. ಬಿಸಿಬೇಳೆಬಾತಿನ ಪರಿಮಳ ಒಳಗೆ ಬರುತ್ತಿತ್ತು, ಜನ ಕುರ್ಚಿಯಲ್ಲಿ ಮಿಸುಕಾಡುತ್ತಿದ್ದರು. ವೀರನ ಗುರಾಣಿ ಎರಡೇ ಸಾಲಿನಲ್ಲಿ ಮುಗಿಯಿತು.

ಅರ್ಥವಾಗದಿದ್ದರೆ ಕೇಳುತ್ತಾರೆಂದು ಮೇಡಂ ಅಂದದ್ದು ಸುಳ್ಳಾಗಲಿಲ್ಲ. ಕ್ರಮವೇನೋ ಒಂದೇ ಎಂದು ಸನ್ನೆಗಳಿಂದಲೇ ತಿಳಿಯಿತು, ಆದರೆ ನಿನ್ನೆ ಅಷ್ಟು ಉದ್ದವಿದ್ದ ನಡುವಿನ ಭಾಗ ಇವತ್ತು ಎಲ್ಲಿ ಹೋಯಿತು, ಎರಡರಲ್ಲಿ ಸರಿಯಾದದ್ದು ಯಾವುದು ಎಂದು ಸಮಿತಿಯ ಅಧ್ಯಕ್ಷೆ ಕೇಳಿದರು. ನಾವೆಲ್ಲ ಮೇಡಂ ಕಡೆ ನೋಡಿದೆವು. ಮೇಡಂ ವೈಷ್ಣವಿಯ ಕಡೆ ನೋಡಿದರು. ವೈಷ್ಣವಿಯೇ ಉತ್ತರಿಸಿದಳು: ಎರಡೂ ಸರಿ, ನಿನ್ನೆ ಎದುರಿಗೆ ಅಜ್ಜಿ ಕೂತಿದ್ದರು, ಇವತ್ತು ಎದುರಿಗೆ ಹಸಿದವರು ಕೂತಿದ್ದಾರೆ, ಆ ಕಾಲದ ಗಾಯಕರೂ ಇದನ್ನೇ ಮಾಡುತ್ತಿದ್ದರು. ಅಧ್ಯಕ್ಷೆ ಇದಕ್ಕಿಂತ ಒಳ್ಳೆಯ ಉತ್ತರಪತ್ರಿಕೆಯನ್ನು ತಾನು ಓದಿಲ್ಲ ಎಂದರು. ತರಗತಿ ಉಳಿಯಿತು. ನನಗೆ ಕಣ್ಣಲ್ಲಿ ನೀರು ಬಂತೆಂದು ಇಲ್ಲಿ ಬರೆಯಲು ನಾಚಿಕೆಯಿಲ್ಲ.

ಈಗ ಮೇಡಂ ನಿವೃತ್ತರಾಗುತ್ತಿದ್ದಾರೆ. ಇಷ್ಟು ವರ್ಷದ ಪಾಠಗಳನ್ನು ರೆಕಾರ್ಡ್ ಮಾಡಿಟ್ಟು ಹೋದರೆ ತರಗತಿಯನ್ನು ಅವುಗಳಿಂದಲೇ ನಡೆಸಬಹುದೆಂದು ವಿಭಾಗದವರು ಸಲಹೆ ಕೊಟ್ಟರು. ಗೌರವದ ಮಾತೇ, ಆದರೂ ಮೇಡಂ ಖಡಾಖಂಡಿತವಾಗಿ ನಿರಾಕರಿಸಿದರು. ಅವರ ಮಾರ್ಗದರ್ಶನದಲ್ಲಿಯೇ ಡಾಕ್ಟರೇಟ್ ಮುಗಿಸಿರುವ ವೈಷ್ಣವಿಯನ್ನು ನೇಮಿಸುವ ತನಕ ಪಟ್ಟು ಬಿಡಲಿಲ್ಲ. ನನ್ನೊಡನೆ ಅಂದದ್ದು ಹೀಗೆ:

“ರೆಕಾರ್ಡ್ ಇಟ್ಟು ಹೋದ್ರ ಅದು ನಾ ಹೇಳಿದ್ದನ್ನ ಹೇಳತದ. ಇಕೀನ ಇಟ್ಟು ಹೋದ್ರ, ನಾ ಹೇಳಲಾರದ್ದನ್ನ ಹೇಳ್ತಾಳ.”

ಆಗಸ್ಟ್‌ನಲ್ಲಿ ವೈಷ್ಣವಿಯ ತರಗತಿ ಆರಂಭವಾಗುತ್ತದೆ. ಹೊರಗಿನವರಿಗೆ ನೋಂದಣಿ ತೆರೆದ ದಿನವೇ ಮೊದಲು ಹೆಸರು ಕೊಟ್ಟವರು ನಮ್ಮ ವಿದ್ಯಾವತಿ ಮೇಡಂ. ವಯಸ್ಸು, ಹಿರಿತನ ಎಂದು ರಿಯಾಯಿತಿ ಕೊಡುವುದಿಲ್ಲ, ಎಲ್ಲರಂತೆ ಎದ್ದು ನಿಂತು ಹಾಡಲೇಬೇಕು ಎಂದು ಹೊಸ ಅಧ್ಯಾಪಕಿ ಆಗಲೇ ತಿಳಿಸಿದ್ದಾಳೆ. ನಮ್ಮ ಗುರುಗಳು ನೂರು ವರ್ಷ ಗಟ್ಟಿ ಕಂಠದಿಂದ ಬಾಳಲಿ, ಹಾಡು ಬಿಡದಿರಲಿ, ಮತ್ತು ಆ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾಗಲಿ.