ಬೆಣಚುಕಲ್ಲು ಒಡೆಯುವುದನ್ನು ಕಲಿಸಿದ ತಾತ

ಮೊನ್ನೆ ಶುಕ್ರವಾರ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದೆ. ಬೆರಳಿಗೆ ಚುರುಕ್ಕೆಂದಿತು. ನೋಡಿದರೆ ಬೆಣಚುಕಲ್ಲಿನ ಬಿಳೀ ಚೂರು, ಅಂಚು ಬ್ಲೇಡಿನಂಥದು. ಅಷ್ಟರಲ್ಲಿ ತವರೂರು ಜಡಿಗೇನಹಳ್ಳಿಯಿಂದ ನಮ್ಮಣ್ಣ ಬಂದು ಬಾಗಿಲಲ್ಲಿ ನಿಂತ.

“ಪಕ್ಕದ ಮನೆ ತಾತ ಹೋಗ್ಬಿಟ್ರು ಕಣಮ್ಮ. ನಿನ್ನೆ ಮಣ್ಣು ಮಾಡಿದ್ವಿ.”

ತಾತ ಕುರಿ ಕಾಯುತ್ತಿದ್ದವರು. ನಮಗೆ ನೆಂಟರೇನಲ್ಲ, ಎರಡು ಮನೆಗೂ ನಡುಗೋಡೆ ಒಂದೇ. ಬೆಂಕಿಪೊಟ್ಟಣ ಮುಟ್ಟುತ್ತಿರಲಿಲ್ಲ. ಸೊಂಟದ ಚೀಲದಲ್ಲಿ ಚಕಮಕಿ ಇರುತ್ತಿತ್ತು: ಒಂದು ಬೆಣಚುಕಲ್ಲು, ಒಂದು ಉಕ್ಕಿನ ತುಂಡು, ಒಂದಿಷ್ಟು ಬೂರುಗದ ಹತ್ತಿ. ಗೀರಿ ಗೀರಿ ಕಲ್ಲಿನ ಅಂಚು ಮೊಂಡಾದರೆ ಕಿಡಿ ಹಾರುವುದಿಲ್ಲ. ಆಗ ಅಂಚಿನ ಚಕ್ಕೆ ಎಬ್ಬಿಸಿ ಮತ್ತೆ ಹರಿತ ಮಾಡಬೇಕು. ಅದನ್ನೇ ನನಗೆ ಕಲಿಸಿದರು... ಆಗ ನನಗೆ ಹತ್ತು ವರ್ಷವೋ, ಹನ್ನೊಂದೋ.

ತೊಡೆಯ ಮೇಲೆ ಗೋಣಿತಟ್ಟು ಮಡಿಸಿ ಹಾಕಿಕೊಂಡು, ಎಡಗೈಯಲ್ಲಿ ಬೆಣಚುಕಲ್ಲನ್ನು ಬಿಗಿಯಾಗಿ ಒತ್ತಿ ಹಿಡಿಯಬೇಕು. ಬಲಗೈಯಲ್ಲಿ ಮುಷ್ಟಿಗಾತ್ರದ ಗುಂಡುಕಲ್ಲು. ನಡುವಿಗೆ ಹೊಡೆಯಬಾರದು, ಅಂಚಿಗೆ, ಓರೆಯಾಗಿ, ಒಂದೇ ಏಟು. “ಸಿಟ್ಟಿಂದ ಹೊಡೀಬೇಡ ಕಣವ್ವಾ, ಕಲ್ಲೇನ್ ನಿನ್ ಸವತೀನಾ?” ಎನ್ನುತ್ತಿದ್ದರು. ಪ್ರತಿ ಏಟಿಗೂ ಮುಂಚೆ “ಮಖಾ!” ಎಂದು ಕೂಗಬೇಕು, ಹತ್ತಿರವಿದ್ದವರು ಮುಖ ತಿರುಗಿಸಿಕೊಳ್ಳಬೇಕು. ಅದು ಅವರ ಕಟ್ಟಪ್ಪಣೆ.

ಒಂದು ದಿನ ನಾನು ಕೂಗಲಿಲ್ಲ. ಮೂರು ಏಟಿಗೂ ಚಕ್ಕೆ ಏಳದೆ ರೇಗಿಹೋಗಿ ನಡುವಿಗೇ ಬಾರಿಸಿದೆ. ತಾತ ಬಗ್ಗಿ ನೋಡುತ್ತಿದ್ದರು... ಸಿಡಿದ ಚೂರು ನೇರ ಎಡಗಣ್ಣಿಗೆ.

ಅವರ ಹೆಂಡತಿ, ನಮ್ಮ ಬಾಯಲ್ಲಿ ಅಜ್ಜಿ, ಓಡಿಬಂದರು. ಅಷ್ಟರಲ್ಲಿ ತಾತ ನನ್ನ ಕೈಯಿಂದ ಗುಂಡುಕಲ್ಲು ಕಿತ್ತುಕೊಂಡಿದ್ದರು. ರಕ್ತ ಸುರಿಯುವ ಕಣ್ಣಿಗೆ ಟವಲು ಒತ್ತಿಕೊಂಡು “ನನ್ ಕೈ ತಪ್ತು” ಎಂದರು. ಆಮೇಲೆ ಒಬ್ಬಳೇ ಸಿಕ್ಕಿದಾಗ, “ಹೆಣ್ಮಗಿಗೆ ಕೆಟ್ಟ ಹೆಸ್ರು ಬೇಡ. ಬಾಯ್ಬಿಡ್ಬೇಡ” ಎಂದರು.

ಆ ಕಣ್ಣು ಹೋಯಿತು. ಒಂದೇ ಕಣ್ಣಿಗೆ ಏಟು ಎಲ್ಲಿ ಬೀಳುತ್ತದೆಂಬ ಅಂದಾಜು ಸಿಗದೆ, ತಾತ ಚಕಮಕಿ ಬಿಟ್ಟು ಬೆಂಕಿಪೊಟ್ಟಣ ಹಿಡಿದರು. “ತಾತ ಪ್ಯಾಟೆಯೋನಾಗ್ಬಿಟ್ಟ!” ಎಂದು ಊರವರು ರೇಗಿಸಿದರೆ ತಾವೂ ನಗುತ್ತಿದ್ದರು. ಅಜ್ಜಿ ನಗಲಿಲ್ಲ. “ಮಕ್ಳ ಮುಂದೆ ದೊಡ್ಡಸ್ತಿಕೆ ತೋರ್ಸಕ್ಕೋಗಿ ಕಣ್ಣು ಕಳ್ಕೊಂಡ” ಎಂದು ಹದಿನೈದು ವರ್ಷ ಬೈದರು. ಗೋಡೆಯ ಈಚೆ ಕೂತು ನಾನು ಕೇಳಿಸಿಕೊಂಡೆ. ಮದುವೆಯಾಗಿ ಹೊಸಕೋಟೆಗೆ ಬಂದೆ. ಇನ್ನೊಂದು ಕಣ್ಣನ್ನಾದರೂ ಉಳಿಸಿದೆಯಲ್ಲಪ್ಪಾ ಎಂದು ದೇವರಿಗೆ ದಿನಾ ಕೈಮುಗಿದೆ. ಅಜ್ಜಿಗೆ ಮಾತ್ರ ಹೇಳಲಿಲ್ಲ.

ಶುಕ್ರವಾರವೇ ಅಣ್ಣನ ಜೊತೆ ಬಸ್ಸು ಹತ್ತಿದೆ. ಅಜ್ಜಿಯ ಮುಂದೆ ಕೂತು ಎಲ್ಲಾ ಹೇಳಿಬಿಟ್ಟೆ.

“ಅವತ್ತೇ ಅಂದಿದ್ರೆ, ಆ ಮನುಷ್ಯನ್ನ ಇಷ್ಟ್ ವರ್ಷ ಬೈತಿರ್ಲಿಲ್ವಲ್ಲೇ ನಾನು...”

ಅವರು ನನ್ನನ್ನು ಬೈಯಲಿಲ್ಲ, ಎದ್ದು ಹೋಗು ಎನ್ನಲೂ ಇಲ್ಲ. ಅಷ್ಟು ಕರುಣೆ ಸಿಕ್ಕಿತು. ಅದಕ್ಕಿಂತ ಹೆಚ್ಚು ಕೇಳುವ ಮುಖ ನನಗಿಲ್ಲ. ತಪ್ಪಾಯ್ತು ಅನ್ನೋಣವೆಂದರೆ ತಾತನೇ ಇಲ್ಲ.

ಸಂಜೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಮುದ್ದೆಗೆ ಎಸರಿಟ್ಟೆ.