ಮೀಟರಿನ ಹಣೆಗೆ ವಿಭೂತಿ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು, ಯಂತ್ರಕ್ಕೆ ವಿಭೂತಿ ಹಚ್ಚುವ ಮುಂಚೆ ಅದರ ಮೂಗು ಎಲ್ಲಿದೆ ಎಂದಾದರೂ ನೋಡಿಕೊಳ್ಳಬೇಕಿತ್ತು. ನಾನು ನೋಡಿಕೊಳ್ಳಲಿಲ್ಲ. ಜೇವರ್ಗಿಯಲ್ಲಿ ಈ ಸಂಗತಿ ನನ್ನನ್ನು ಬಿಟ್ಟರೆ ಮೂವರಿಗೆ ಮಾತ್ರ ಗೊತ್ತು. ನೀವು ನಾಲ್ಕನೆಯವರು. ದಯವಿಟ್ಟು ಐದನೆಯವರಿಗೆ ಹೇಳಬೇಡಿ.

ಯಂತ್ರವೆಂದರೆ ಗಾಳಿಯಲ್ಲಿರುವ ಸಣ್ಣ ಧೂಳನ್ನು ಅಳೆಯುವ ಮೀಟರು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಒಳಗಿನ ಪುಟ್ಟ ಫ್ಯಾನು ಗಾಳಿಯನ್ನು ಎಳೆದುಕೊಳ್ಳುತ್ತದೆ, ಅದರ ಮೇಲೆ ಬೆಳಕು ಬಿಟ್ಟು ಕಣಗಳನ್ನು ಅಂದಾಜು ಮಾಡಿ ಒಂದು ನಂಬರು ತೋರಿಸುತ್ತದೆ. ಕಡಿಮೆಯಿದ್ದರೆ ಹಸಿರು, ಹೆಚ್ಚಾದರೆ ಕೆಂಪು. ತರಿಸಿದ್ದು ನನ್ನ ಹೆಂಡತಿ ಗುರುಬಾಯಿಯ ಸಲುವಾಗಿ. ಎರಡು ವರ್ಷದಿಂದ ಅವಳಿಗೆ ದಮ್ಮು. ನಾಲ್ಕು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಲ್ಲುವುದನ್ನು ನೋಡಿದಾಗಲೆಲ್ಲ ನನಗೆ ಭಯವಾಗುತ್ತಿತ್ತು. ಭಯವಾದರೆ ನನಗೆ ಗೊತ್ತಿರುವುದು ಒಂದೇ ಕೆಲಸ, ಏನನ್ನಾದರೂ ಅಳೆಯುವುದು.

ಅಳೆದೆ. ಅಫಜಲಪುರದ ಬೀಗರ ಮನೆಯಲ್ಲಿ ಒಗ್ಗರಣೆಯ ಪಕ್ಕ ಹಿಡಿದು, ಕೆಂಪಾಯಿತೆಂದು ಎಲ್ಲರನ್ನೂ ಊಟದಿಂದ ಎಬ್ಬಿಸಿ ಅಂಗಳಕ್ಕೆ ಕರೆತಂದೆ. ಆಳಂದದ ಬಸ್ಸಿನಲ್ಲಿ ಕಿಟಕಿಯಾಚೆ ಹಿಡಿದಾಗ ಕಂಡಕ್ಟರ್, “ಸರ್, ಕೈ ಒಳಗ ತಗೋರಿ. ಮಶೀನ್ ಹೋದ್ರ ಮತ್ತೊಂದು ತರ್ತೀರಿ, ಕೈ ಎಲ್ಲಿಂದ ತರ್ತೀರಿ?” ಎಂದ. ಕ್ಷಣಮಾತ್ರದ ಕೆಂಪೇ ಬೇರೆ, ದಿನವಿಡೀ ಉಸಿರಾಡಿದ ಗಾಳಿಯ ಲೆಕ್ಕವೇ ಬೇರೆ. ಮುಂಜಾನೆಯ ಮಂಜನ್ನೂ ಈ ಮೀಟರು ಧೂಳೆಂದು ತಿಳಿಯಬಹುದು. ಇದೆಲ್ಲ ಜೊತೆಗೆ ಬಂದ ಪುಸ್ತಿಕೆಯಲ್ಲಿತ್ತು. ಪ್ರಶ್ನೆಯನ್ನು ಎರಡು ಸಲ ಓದಿ ಎಂದು ಮಕ್ಕಳಿಗೆ ಹೇಳುತ್ತಿದ್ದ ನಾನು ಆ ಪುಸ್ತಿಕೆಯನ್ನು ಒಂದು ಸಲವೂ ಓದಿರಲಿಲ್ಲ.

ಅಷ್ಟರಲ್ಲಿ ಆಯುಧ ಪೂಜೆ ಬಂತು. ನಮ್ಮ ಕಡೆ ಆ ದಿನ ಕುಡಗೋಲಿನಿಂದ ಮಿಕ್ಸರಿನವರೆಗೆ ಯಾವುದನ್ನೂ ಬಿಡುವುದಿಲ್ಲ. ಸ್ಕೂಟರಿನ ಪಕ್ಕದಲ್ಲಿ ಮೀಟರನ್ನೂ ಇಟ್ಟೆ. ಸಣ್ಣ ಸಣ್ಣ ತೂತುಗಳಿದ್ದ ಕಡೆಯೇ ಅದರ ಹಣೆ ಇರಬೇಕೆಂದುಕೊಂಡು, ಒಣ ವಿಭೂತಿಯನ್ನು ಮೂರು ಬೆರಳಿನಲ್ಲಿ ಧಾರಾಳವಾಗಿ ಎಳೆದೆ. ಗುರುಬಾಯಿ ಒಂದು ಚೆಂಡುಹೂ ಏರಿಸಿದಳು. ಕಾಯಿ ಒಡೆದು ಕೈಮುಗಿದೆವು.

ಮರುದಿನದಿಂದ ಮೀಟರು ಕೆಂಪು. ಬೆಳಿಗ್ಗೆ ಕೆಂಪು, ಸಂಜೆ ಕೆಂಪು, ಮಳೆ ಬಂದು ಹೋದ ಮೇಲೂ ಕೆಂಪು. ನನಗೆ ಅಪರಾಧಿ ಸಿಕ್ಕಿಬಿಟ್ಟ. ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ ಮಲ್ಲೇಶಿಯ ಹಿಟ್ಟಿನ ಗಿರಣಿ ಇದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಹೋಗಿ ಮೀಟರನ್ನು ಅವನ ಮುಖದೆದುರು ಹಿಡಿದೆ.

“ನಿನ್ನ ಗಿರಣಿಯಿಂದ ನಮ್ಮ ಮನಿಯಾಕಿಗೆ ಉಸಿರಾಡಾಕ ಬರವಲ್ದು.”

ಮಲ್ಲೇಶಿ ಹಿಟ್ಟು ಮೆತ್ತಿದ ಕೈಯನ್ನು ಒರೆಸಿಕೊಂಡು, “ಸರ್, ನಾ ದಿನಾ ಇದರಾಗೇ ನಿಂದರ್ತೇನಿ. ಅಕ್ಕಾರಿಗೆ ತ್ರಾಸ ಆದ್ರ ಬಾಗಿಲಿಗೆ ಪಡದಾ ಹಾಕ್ತೇನ್ರಿ” ಎಂದ. ನನಗೆ ಪರದೆ ಸಾಕಾಗಲಿಲ್ಲ. ಅವನಿಗೆ ಜೋಳ ಕಳಿಸುವುದನ್ನು ನಿಲ್ಲಿಸಿದೆ. ಮನೆಗೆ ಬಂದು ಅಡುಗೆಮನೆಯ ಕಿಟಕಿಯನ್ನು ಮುಚ್ಚಿ, ಸಂದಿಗಳಿಗೆ ಟೇಪು ಅಂಟಿಸಿದೆ.

ಗುರುಬಾಯಿಯ ದಮ್ಮು ಹೆಚ್ಚಾಯಿತು. ಅವಳು ಬಗ್ಗಿ ಕೂತು ಉಸಿರು ಎಳೆಯುವಾಗ ನಾನು ಪಕ್ಕದಲ್ಲಿ ನಿಂತು ನಂಬರು ಬರೆದುಕೊಳ್ಳುತ್ತಿದ್ದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ವಾರ ಕಳೆದ ಮೇಲೆ ನೋಟುಬುಕ್ಕು, ಮೀಟರು ಮತ್ತು ಹೆಂಡತಿಯನ್ನು, ಇದೇ ಅನುಕ್ರಮದಲ್ಲಿ, ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ಮೊದಲು ಅವಳ ಎದೆ ನೋಡಿದರು. ಆಮೇಲೆ ನೋಟುಬುಕ್ಕು ತಿರುವಿದರು.

“ಸರ್, ಸೋಮವಾರ ಗಿರಣಿ ಚಾಲೂ ಇರ್ತದೇನ್ರಿ?”

“ಇಲ್ರಿ, ಬಂದ್.”

“ಅವತ್ತೂ ಇಷ್ಟೇ ನಂಬರ್ ಅದಲ್ರಿ.” ಮೀಟರನ್ನು ತಿರುಗಿಸಿ ತೂತುಗಳ ಮೇಲೆ ಬೆರಳಾಡಿಸಿದರು. ಬೆರಳು ಬೆಳ್ಳಗಾಯಿತು. “ಇದಕ್ಕ ವಿಭೂತಿ ಹಚ್ಚೀರೇನ್ರಿ?”

ನಾನು ಗೋಡೆಯ ಮೇಲಿನ ಶ್ವಾಸಕೋಶದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಅವರು ಗುರುಬಾಯಿಯ ಕಡೆ ತಿರುಗಿದರು.

“ಅಮ್ಮಾರ, ನಿಮಗ ದಮ್ಮು ಯಾವಾಗ ಹೆಚ್ಚಾಗ್ತದ?”

“ಕಟ್ಟಿಗಿ ಒಲಿ ಮುಂದ ರೊಟ್ಟಿ ಬಡಿಯೂವಾಗ್ರಿ. ಕಿಟಕಿ ಮುಚ್ಚಿದ ಮ್ಯಾಲಂತೂ ಭಾಳ ಆಗ್ಯದ.”

“ಮತ್ತ ಸರ್‌ಗೆ ಹೇಳಿಲ್ಲೇನ್ರಿ?”

“ಅವರು ನನಗೆಲ್ಲಿ ಕೇಳ್ಯಾರ್ರಿ? ದಿನಾ ಮಶೀನಿಗೆ ಕೇಳಾಕತ್ತಾರ.”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಹೇಳಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು. ಮನೆಯಲ್ಲಿ ಗ್ಯಾಸ್ ಇದೆ. ರೊಟ್ಟಿ ಮಾತ್ರ ಕಟ್ಟಿಗೆಯ ಒಲೆಯ ಮೇಲೇ ಆಗಬೇಕು, ಆ ರುಚಿ ಗ್ಯಾಸಿನದಕ್ಕೆ ಬರುವುದಿಲ್ಲ ಎಂಬ ಹಟ ನನ್ನದು. ಬೀಗರ ಮನೆ, ಬಸ್ಸು, ಗಿರಣಿ ಎಲ್ಲವನ್ನೂ ಅಳೆದವನು ನನ್ನ ಊಟಕ್ಕಾಗಿ ಉರಿಯುವ ಒಲೆಯ ಮುಂದೆ ಒಂದು ದಿನವೂ ಮೀಟರು ಹಿಡಿದಿರಲಿಲ್ಲ.

ಡಾಕ್ಟರು ಅವಳಿಗೆ ಬಾಯಿಯಿಂದ ಎಳೆದುಕೊಳ್ಳುವ ಔಷಧ ಕೊಟ್ಟರು. ನಾನು ಟೇಪು ಕಿತ್ತೆ, ಜೋಳದ ಚೀಲ ಹೊತ್ತುಕೊಂಡು ಮಲ್ಲೇಶಿಯ ಹತ್ತಿರ ಹೋಗಿ ವಿಭೂತಿಯ ಕತೆ ಹೇಳಿ ತಪ್ಪಾಯಿತೆಂದೆ. ಅವನು ನಗಲಿಲ್ಲ. ದೊಡ್ಡ ಮನುಷ್ಯ. ಬಾಗಿಲಿಗೆ ಆಗಲೇ ಪರದೆ ಹಾಕಿದ್ದ. ಮೀಟರನ್ನು ಮೃದುವಾದ ಬ್ರಶ್ಶಿನಿಂದ ಜಾಡಿಸಿ, ಪುಸ್ತಿಕೆಯನ್ನು ಎರಡು ಸಲ ಓದಿದೆ. ಈಗ ನೋಟುಬುಕ್ಕಿನಲ್ಲಿ ದಿನಕ್ಕೆ ಮೂರು ಹೊತ್ತು ಒಂದೇ ಜಾಗದ ನಂಬರು ಬರೆಯುತ್ತೇನೆ. ಅದಕ್ಕಿಂತ ಮೊದಲು, ಅದರ ಎಡಕ್ಕೆ, “ಇವತ್ತ ಹ್ಯಾಂಗದ?” ಎಂದು ಕೇಳಿ ಅವಳು ಹೇಳಿದ್ದನ್ನು ಬರೆಯುತ್ತೇನೆ.

ಮೊನ್ನೆ ಗ್ಯಾಸಿನ ಮೇಲೆ ನಾನೇ ರೊಟ್ಟಿ ಬಡಿದೆ. ಗುರುಬಾಯಿ ತೆರೆದ ಕಿಟಕಿಯ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮೊದಲನೆಯ ರೊಟ್ಟಿ ಹರಿಯಿತು, ಎರಡನೆಯದು ಹೊತ್ತಿತು. ಮೀಟರು ಕೆಂಪಾಯಿತು. ಈ ಸಲ ಯಾರ ಮೇಲೂ ತಪ್ಪು ಹೊರಿಸುವಂತಿರಲಿಲ್ಲ. ಕರಕಲು ರೊಟ್ಟಿಯನ್ನು ಎತ್ತಿ ತೋರಿಸಿದೆ. ಅವಳು ನಕ್ಕಳು, ಸೆರಗು ಬಾಯಿಗೆ ಹಿಡಿದು ಬಹಳ ಹೊತ್ತು ನಕ್ಕಳು. ಎರಡು ವರ್ಷದಿಂದ ಅವಳ ನಗು ಕೆಮ್ಮಿನಲ್ಲೇ ಮುಗಿಯುತ್ತಿತ್ತು. ಹಿಟ್ಟು ಮೆತ್ತಿದ ಕೈಯಲ್ಲೇ ಆ ಕೆಮ್ಮಿಗಾಗಿ ಕಾದೆ. ನಗು ನಿಂತಿತು. ಅವಳು ಒಂದು ಉದ್ದನೆಯ ಉಸಿರು ಎಳೆದುಕೊಂಡು, “ಇನ್ನೊಂದು ಬಡೀರಿ” ಎಂದಳು.