ತಪ್ಪು ಹೊಡೆತದ ಪ್ರಾತ್ಯಕ್ಷಿಕೆ

ನಿವೃತ್ತರಾದ ಮೇಲೆ ರಿಜಿಸ್ಟ್ರಾರ್ ಸಾಹೇಬರಿಗೆ ಗಾಲ್ಫ್ ಹುಚ್ಚು ಹಿಡಿಯಿತು. ನೌಕರಿಯುದ್ದಕ್ಕೂ ಅವರು ಎತ್ತಿದ್ದ ಅತಿ ಭಾರದ ಆಯುಧವೆಂದರೆ ರಬ್ಬರ್ ಮೊಹರು. ಕ್ಲಬ್ಬಿಗೆ ಸೇರಿದ ತಿಂಗಳೊಳಗೇ ಮೊಣಕೈ ಕೈಕೊಟ್ಟಿತು.

ಕ್ಲಬ್ಬಿನ ಫಿಸಿಯೋಥೆರಪಿ ಡಾಕ್ಟರಮ್ಮ ಕೈ ಒತ್ತಿ ನೋಡಿದರು. "ಸರ್, ನೀವು ಬರೀ ತೋಳಲ್ಲಿ ಬೀಸ್ತೀರಿ. ಬಲ ಕಾಲಿಂದ, ಸೊಂಟದಿಂದ ಬರ್ಬೇಕು. ಆಡೋಕ್ ಮುಂಚೆ ಸ್ವಲ್ಪ ಹೊತ್ತು ಮೈ ಸಡಿಲ ಮಾಡ್ಕೊಳ್ಳಿ. ಒಂದೇ ಸಲಕ್ಕೆ ಬುಟ್ಟಿಗಟ್ಲೆ ಚೆಂಡು ಹೊಡೀಬೇಡಿ."

ಸಾಹೇಬರಿಗೆ ಈ ಮಾತು ಬಹಳ ಹಿಡಿಸಿತು. ಎಷ್ಟೆಂದರೆ, ಇಂಥ ಮಾತನ್ನು ತಾವೊಬ್ಬರೇ ಪಾಲಿಸಿದರೆ ಸ್ವಾರ್ಥವಾದೀತು ಎನ್ನಿಸಿತು. ಮರುದಿನದಿಂದ ಕ್ಲಬ್ಬಿನ ಗೇಟಿನಲ್ಲಿ ನಿಂತು, ಬಂದವರನ್ನೆಲ್ಲ ತಡೆದು, ಭುಜ ತಿರುಗಿಸುವ ಬಗೆಯನ್ನು ಬಾಯಲ್ಲೇ ವಿವರಿಸತೊಡಗಿದರು. ಅಷ್ಟರಲ್ಲಿ ತಮ್ಮ ಸರದಿ ಬಂದುಬಿಡುತ್ತಿತ್ತು. ಏದುಸಿರು ಬಿಡುತ್ತ ಓಡಿ, ಮರಗಟ್ಟಿದ ಮೈಯಲ್ಲೇ ಕೋಲು ಬೀಸುತ್ತಿದ್ದರು. ಮನೆಯಲ್ಲಿ ಹೆಂಡತಿ ಬಕೆಟ್ಟಿಗೆ ಕೈಹಾಕಿದರೂ ಕುರ್ಚಿಯಿಂದಲೇ ಕೂಗು: "ಮಂಡಿ ಬಗ್ಸು! ಬೆನ್ನಲ್ಲ!"

"ಬಂದು ಎತ್ತಿ ತೋರ್ಸಬಾರ್ದಾ?"

"ನಾನು ತತ್ವ ಹೇಳ್ತಿದೀನಿ ಕಣೇ."

ಗೇಟಿನ ಕಾಟ ತಪ್ಪಿದರೆ ಸಾಕೆಂದು ಕ್ಲಬ್ಬಿನವರು ಗಾಯ ತಡೆಗಟ್ಟುವ ಉಪಸಮಿತಿಯೊಂದನ್ನು ಹುಟ್ಟುಹಾಕಿ, ಸಾಹೇಬರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಸಾಹೇಬರು ಉಬ್ಬಿಹೋದರು. ಭಾರಿ ಶಿಬಿರವೊಂದನ್ನು ಏರ್ಪಡಿಸಿ, ಡಾಕ್ಟರಮ್ಮನಿಗೆ ವಂದನಾರ್ಪಣೆಯ ಕೆಲಸ ಕೊಟ್ಟು, ಉಳಿದದ್ದನ್ನೆಲ್ಲ ತಾವೇ ವಹಿಸಿಕೊಂಡರು.

ಶಿಬಿರದ ದಿನ ಭಾಷಣ ಮುಗಿಯುವ ಹೊತ್ತಿಗೆ ಅರ್ಧ ಸಭೆ ತೂಕಡಿಸುತ್ತಿತ್ತು. ಸಾಹೇಬರು ಕೋಲು ಕೈಗೆತ್ತಿಕೊಂಡರು. "ಹೇಗೆ ಹೊಡೀಬಾರ್ದು ಅಂತ ಈಗ ತೋರಿಸ್ತೀನಿ," ಎಂದು ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಬೀಸಿಯೇಬಿಟ್ಟರು.

ಬೆನ್ನು ಕಳಕ್ ಎಂದಿತು. ನೆಟ್ಟಗಾಗಲು ಬರಲಿಲ್ಲ. ಸಭೆಗೆ ಎಚ್ಚರವಾಯಿತು, ಚಪ್ಪಾಳೆಯೋ ಚಪ್ಪಾಳೆ.

"ಅಯ್ಯೋ! ನಿಜವಾಗ್ಲೂ ಹಿಡ್ಕೊಂಡಿದೆ ಕಣ್ರೀ!"

"ಏನ್ ಆ್ಯಕ್ಟಿಂಗ್ ರೀ! ಒನ್ಸ್ ಮೋರ್!" ಎಂದರು ಮುಂದಿನ ಸಾಲಿನವರು.

ಆ ಅಯ್ಯೋ ಅಸಲಿಯೆಂದು ಗುರುತಿಸಿದ್ದು ಹಿಂದಿನ ಸಾಲಿನಲ್ಲಿದ್ದ ಹೆಂಡತಿಯೊಬ್ಬಳೇ. ಆಕೆ ಧಾವಿಸಿ ಬಂದು, ಡಾಕ್ಟರಮ್ಮನ ಜೊತೆ ಸೇರಿ, ಗಂಡನನ್ನು ಬಗ್ಗಿದ ಭಂಗಿಯಲ್ಲೇ ವೇದಿಕೆಯಿಂದ ಇಳಿಸಿದಳು. ಅಧ್ಯಕ್ಷರು ಬಾಗಿ ವಂದಿಸುತ್ತಿದ್ದಾರೆಂದು ಸಭೆ ಎದ್ದುನಿಂತು ಗೌರವ ಸಲ್ಲಿಸಿತು.

ವಾರಗಟ್ಟಲೆ ಹಾಸಿಗೆ ಹಿಡಿದರು. ಡಾಕ್ಟರಮ್ಮ ಮನೆಗೇ ಬಂದು ಕಾಲೆತ್ತಿಸಿದರು, ಸೊಂಟ ತಿರುಗಿಸಿದರು. "ಈ ಭಂಗಿಯ ಹಿಂದಿನ ತತ್ವ ಏನಪ್ಪಾ ಅಂದ್ರೆ..." ಎಂದು ಸಾಹೇಬರು ಬಾಯಿ ತೆರೆದಾಗ ಹೆಂಡತಿ, "ಉಸಿರಾಡೋಕೆ ಬಿಟ್ಟು ಬೇರೆ ಯಾತಕ್ಕೂ ಬಾಯಿ ತೆಗೀಬೇಡಿ," ಎಂದಳು. ಸಾಹೇಬರು ಡಾಕ್ಟರಮ್ಮ ಹೇಳಿದಂತೆ ಮಾಡಿದರು. ಮಾಡುತ್ತ ಮಾಡುತ್ತ, ಇದು ಹೇಳಿದಷ್ಟು ಸುಲಭವಲ್ಲವೆಂಬುದೂ ತಿಳಿಯಿತು.

ಮತ್ತೆ ಮೈದಾನಕ್ಕೆ ಹೋದ ದಿನ ಅಧ್ಯಕ್ಷಗಿರಿಗೆ ರಾಜೀನಾಮೆ ಕೊಟ್ಟರು. ಮೂಲೆಯ ಮರದಡಿ ನಿಂತು, ಯಾರೊಂದಿಗೂ ಮಾತಾಡದೆ, ಭುಜ, ಸೊಂಟ, ಮಂಡಿಗಳನ್ನು ನಿಧಾನವಾಗಿ ಸಡಿಲಿಸಿಕೊಂಡರು. ಆಮೇಲೆ ಕಾಲೂರಿ, ಹದವಾಗಿ ಬೀಸಿದರು. ಚೆಂಡು ನೆಟ್ಟಗೆ ಹೋಗಿ ಕೊಳಕ್ಕೆ ಬಿತ್ತು. ಮೈಯಲ್ಲಿ ಮಾತ್ರ ಎಲ್ಲೂ ನೋವಿರಲಿಲ್ಲ.